ಡ್ರಿಪ್ ಕಾಫಿ ಮೇಕರ್ ಕೊಳ್ಳುವ ಮುನ್ನ: ಶಾಖ, ಸಮಯ ಮತ್ತು ಜಗ್ಗಿನ ಲೆಕ್ಕ

ಮನೆಗೊಂದು ಡ್ರಿಪ್ ಕಾಫಿ ಮೇಕರ್ ಕೊಳ್ಳಲು ಹೊರಟವರಿಗೆ ಎದುರಾಗುವ ಮೊದಲ ತೊಡಕೆಂದರೆ, ಹೊರನೋಟಕ್ಕೆ ಎಲ್ಲ ಯಂತ್ರಗಳೂ ಹೆಚ್ಚುಕಡಿಮೆ ಒಂದೇ ತರಹ ಕಾಣುವುದು. ಹಿಂಬದಿಯಲ್ಲಿ ನೀರಿನ ತೊಟ್ಟಿ, ಮೇಲೆ ಪುಡಿ ಹಾಕುವ ಬುಟ್ಟಿ, ಕೆಳಗೆ ಜಗ್ಗು, ಮುಂದೆ ಒಂದೆರಡು ಗುಂಡಿಗಳು. ಬೆಲೆಯಲ್ಲಿ ಮಾತ್ರ ಒಂದಕ್ಕೂ ಇನ್ನೊಂದಕ್ಕೂ ಹಲವು ಪಟ್ಟು ಅಂತರ. ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿರುವ ಟೈಮರ್, ಡಿಜಿಟಲ್ ಪರದೆ, ಪರಿಮಳ ಹೆಚ್ಚಿಸುವ ಗುಂಡಿ ಮುಂತಾದವುಗಳಿಂದ ಕಾಫಿ ಹೇಗೆ ಬರುತ್ತದೆಂಬುದು ತಿಳಿಯುವುದಿಲ್ಲ. ಅದೇ ಪೆಟ್ಟಿಗೆಯ ಒಂದು ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿರುವ ಎರಡು ಅಂಕಿಗಳಿಂದ, ಅಂದರೆ ವ್ಯಾಟ್ ಮತ್ತು ಲೀಟರುಗಳಿಂದ, ಸಾಕಷ್ಟು ತಿಳಿಯುತ್ತದೆ. ಅವನ್ನು ಓದುವ ಬಗೆ ಗೊತ್ತಾಗಬೇಕಾದರೆ ಯಂತ್ರದ ಒಳಗೆ ಏನು ನಡೆಯುತ್ತದೆಂದು ಮೊದಲು ನೋಡಬೇಕು.

## ಪಂಪು ಇಲ್ಲದೆ ನೀರು ಮೇಲೇರುವ ಬಗೆ

ಬಿಸಿನೀರು ಕಾಫಿ ಪುಡಿಯ ಮೇಲೆ ಬಿದ್ದು, ತನ್ನ ಭಾರದಿಂದಲೇ ಪುಡಿಯ ನಡುವೆ ಇಳಿದು, ಕೆಳಗಿನ ಪಾತ್ರೆಗೆ ತೊಟ್ಟಿಕ್ಕಿದರೆ ಅದು ಡ್ರಿಪ್ ಕಾಫಿ. ಎಸ್ಪ್ರೆಸೊ ಯಂತ್ರದಲ್ಲಿ ನೀರನ್ನು ಭಾರೀ ಒತ್ತಡದಿಂದ ಪುಡಿಯೊಳಗೆ ನುಗ್ಗಿಸಲಾಗುತ್ತದೆ. ಇಲ್ಲಿ ಅಂಥ ಒತ್ತಡವಿಲ್ಲ. ಹಾಗಾಗಿ ಯಂತ್ರಕ್ಕಿರುವ ಕೆಲಸ ಮೂರೇ: ನೀರನ್ನು ಕಾಯಿಸುವುದು, ಬುಟ್ಟಿಯ ಎತ್ತರಕ್ಕೆ ಏರಿಸುವುದು, ಪುಡಿಯ ಮೇಲೆ ಚೆಲ್ಲುವುದು.

ಇವುಗಳಲ್ಲಿ ಮೊದಲ ಎರಡನ್ನೂ ಸಾಮಾನ್ಯ ಯಂತ್ರದಲ್ಲಿ ಒಂದೇ ಬಿಡಿಭಾಗ ಮಾಡಿಬಿಡುತ್ತದೆ. ಯಂತ್ರದ ತಳದ ಮುಚ್ಚಳವನ್ನು ಬಿಚ್ಚಿ ನೋಡಿದರೆ ಕುದುರೆ ಲಾಳದಂತೆ ಬಾಗಿದ ಅಲ್ಯೂಮಿನಿಯಂ ಕೊಳವೆಯೊಂದು ಕಾಣುತ್ತದೆ. ಅದಕ್ಕೆ ಅಂಟಿಕೊಂಡೇ ವಿದ್ಯುತ್ತಿನಿಂದ ಕಾಯುವ ಹೀಟರ್ ಇರುತ್ತದೆ. ತೊಟ್ಟಿಯ ನೀರು ಒಂದೇ ದಿಕ್ಕಿಗೆ ತೆರೆದುಕೊಳ್ಳುವ ಪುಟ್ಟ ಕವಾಟವನ್ನು ದಾಟಿ ಈ ಕೊಳವೆಗೆ ಇಳಿಯುತ್ತದೆ. ಕೊಳವೆ ಕಾಯುತ್ತಿದ್ದಂತೆ ಒಳಗೆ ಆವಿಯ ಗುಳ್ಳೆಗಳೆದ್ದು, ಅವು ಉಬ್ಬುತ್ತ ಸುತ್ತಲಿನ ನೀರನ್ನು ತಳ್ಳತೊಡಗುತ್ತವೆ. ತೊಟ್ಟಿಯ ಕಡೆಗೆ ಮರಳಲು ಕವಾಟ ಬಿಡುವುದಿಲ್ಲವಾದ್ದರಿಂದ ನೀರು ಇನ್ನೊಂದು ತುದಿಯ ಸಪೂರ ನಳಿಕೆಯಲ್ಲಿ ಏರಿ ಬುಟ್ಟಿಯ ಮೇಲೆ ಸುರಿಯುತ್ತದೆ. ಖಾಲಿಯಾದ ಜಾಗಕ್ಕೆ ತೊಟ್ಟಿಯಿಂದ ಮತ್ತಷ್ಟು ನೀರು ಇಳಿದು ಇದೇ ಕ್ರಮ ಮುಂದುವರಿಯುತ್ತದೆ. ಕಾಫಿ ಆಗುವಾಗ ಕೇಳಿಸುವ ಗೊಳಗೊಳ ಸದ್ದು ಈ ಗುಳ್ಳೆಗಳದ್ದೇ. ತೊಟ್ಟಿ ಬರಿದಾದ ಮೇಲೆ ಕೊಳವೆಯ ಶಾಖ ಒಮ್ಮೆಲೇ ಏರುತ್ತದೆ. ಆಗ ಥರ್ಮೋಸ್ಟಾಟ್ ವಿದ್ಯುತ್ತನ್ನು ಕಡಿಯುತ್ತದೆ, ತಣಿದಾಗ ಮತ್ತೆ ಹರಿಸುತ್ತದೆ, ಮತ್ತು ಅದೇ ಶಾಖದಿಂದ ಜಗ್ಗಿನ ಕೆಳಗಿರುವ ಬಿಸಿತಟ್ಟೆ ಕಾದಿರುತ್ತದೆ.

ಇಷ್ಟು ಸರಳವಾದ ಯಂತ್ರಕ್ಕೆ ದೀರ್ಘ ಚರಿತ್ರೆಯೇನೂ ಇಲ್ಲ. ಜರ್ಮನಿಯ ಡ್ರೆಸ್ಡೆನ್ ನಗರದ ಮೆಲಿಟಾ ಬೆಂಟ್ಜ್ ಎಂಬ ಗೃಹಿಣಿ ಕಾಗದದ ಕಾಫಿ ಶೋಧಕಕ್ಕೆ ಪೇಟೆಂಟ್ ಕಚೇರಿಯ ನೋಂದಣಿ ಪಡೆದದ್ದು 1908ರಲ್ಲಿ. ವಿದ್ಯುತ್ತಿನಿಂದ ನಡೆಯುವ ಮೊದಲ ಡ್ರಿಪ್ ಯಂತ್ರವೆಂದು ಹೆಸರಾದ ವಿಗೋಮ್ಯಾಟ್, ಗಾಟ್ಲಾಬ್ ವಿಡ್ಮನ್ ಅವರ ಪೇಟೆಂಟಿನೊಂದಿಗೆ 1954ರಲ್ಲಿ ಜರ್ಮನಿಯಲ್ಲೇ ಬಂತು. ಅಮೆರಿಕದ ಮನೆಗಳಲ್ಲಿ ಅಲ್ಲಿಯವರೆಗೆ ರೂಢಿಯಲ್ಲಿದ್ದದ್ದು, ಆದ ಕಾಫಿಯನ್ನೇ ಮತ್ತೆ ಮತ್ತೆ ಕುದಿಸಿ ಪುಡಿಯ ಮೇಲೆ ಹಾಯಿಸುವ ಪರ್ಕೋಲೇಟರ್. 1972ರಲ್ಲಿ ಮಾರುಕಟ್ಟೆಗೆ ಬಂದ ಮಿಸ್ಟರ್ ಕಾಫಿ ಎಂಬ ಯಂತ್ರ ಅದನ್ನು ಬಲುಬೇಗ ಮೂಲೆಗೆ ಸರಿಸಿತು.

## ರುಚಿ ಎಲ್ಲಿಂದ ಬರುತ್ತದೆ

ಹುರಿದ ಕಾಫಿ ಬೀಜದ ತೂಕದಲ್ಲಿ ನೀರಿನಲ್ಲಿ ಕರಗಬಲ್ಲ ಪಾಲು ಸುಮಾರು ಶೇಕಡಾ 30 ಮಾತ್ರ. ಉಳಿದದ್ದು ಚರಟವಾಗಿ ಬುಟ್ಟಿಯಲ್ಲೇ ನಿಲ್ಲುತ್ತದೆ. ಆ 30ರಷ್ಟನ್ನೂ ಪೂರ್ತಿ ಕರಗಿಸಿಕೊಳ್ಳುವುದು ಒಳ್ಳೆಯದಲ್ಲ. ಪುಡಿಗೆ ನೀರು ತಾಗಿದಾಗ ಹುಳಿಯ ಅಂಶಗಳೂ ಹಗುರವಾದ ಪರಿಮಳಗಳೂ ಮೊದಲು ಹೊರಬರುತ್ತವೆ, ಅನಂತರ ಸಿಹಿಯ ಛಾಯೆ ಸೇರುತ್ತದೆ, ಕಡು ಕಹಿಯೂ ಒಗರೂ ಕೊನೆಗೆ ಬರುತ್ತವೆ. ಅಮೆರಿಕದ ರಸಾಯನ ವಿಜ್ಞಾನಿ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ನಡೆಸಿದ ಕೆಲಸದಿಂದ ಬಳಕೆಗೆ ಬಂದ ಸೂತ್ರದ ಪ್ರಕಾರ, ಪುಡಿಯ ತೂಕದ ಶೇಕಡಾ 18ರಿಂದ 22ರಷ್ಟು ನೀರಿಗೆ ಇಳಿದಾಗ ಕಾಫಿ ಹದವಾಗಿರುತ್ತದೆ. ಅದಕ್ಕಿಂತ ಕಡಿಮೆ ಇಳಿದರೆ ಕಾಫಿ ತೆಳುವಾಗಿ, ಹುಳಿಹುಳಿಯಾಗಿ ಬರುತ್ತದೆ. ಹೆಚ್ಚಾದರೆ ಕಹಿಯಾಗಿ ನಾಲಿಗೆ ಒಣಗಿಸುತ್ತದೆ.

ಎಷ್ಟು ಇಳಿಯಬೇಕೆಂಬುದನ್ನು ಯಂತ್ರದ ಮಟ್ಟಿಗೆ ತೀರ್ಮಾನಿಸುವುದು ನೀರಿನ ಶಾಖ ಮತ್ತು ಅದು ಪುಡಿಯ ಜತೆಗಿರುವ ಸಮಯ. ಸ್ಪೆಷಾಲಿಟಿ ಕಾಫಿ ಅಸೋಸಿಯೇಷನ್ ಎಂಬ ಅಂತರರಾಷ್ಟ್ರೀಯ ಸಂಘ ಮನೆಬಳಕೆಯ ಯಂತ್ರಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುತ್ತದೆ. ನೀರು ಪುಡಿಯನ್ನು ತಲುಪುವಾಗ 92ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕು, 4ರಿಂದ 8 ನಿಮಿಷಗಳಲ್ಲಿ ಕಾಫಿ ಇಳಿದಿರಬೇಕು ಎಂಬುದು ಅದರ ಅಳತೆ. ಪುಡಿಯ ಪ್ರಮಾಣಕ್ಕೆ ಅದು ಹೇಳುವ ಲೆಕ್ಕ ಪ್ರತಿ ಲೀಟರ್ ನೀರಿಗೆ ಸುಮಾರು 55 ಗ್ರಾಂ. ಪ್ರಮಾಣಪತ್ರ ಪಡೆದ ಯಂತ್ರಗಳ ಪಟ್ಟಿ ಚಿಕ್ಕದು, ಮತ್ತು ಅವು ಸಾಮಾನ್ಯವಾಗಿ ದುಬಾರಿ. ಪ್ರಮಾಣಪತ್ರ ಇಲ್ಲದ ಮಾತ್ರಕ್ಕೆ ಯಂತ್ರ ಕೆಟ್ಟದ್ದೆಂದು ಅರ್ಥವಲ್ಲ, ಆದರೆ ಆಗ ಈ ಅಳತೆಗಳನ್ನು ಕೊಳ್ಳುವವರೇ ಅಂದಾಜು ಮಾಡಬೇಕಾಗುತ್ತದೆ.

ಅಗ್ಗದ ಯಂತ್ರಗಳು ಎಡವುವುದು ಹೆಚ್ಚಾಗಿ ಆರಂಭದಲ್ಲಿ. ಕೊಳವೆ, ನಳಿಕೆ, ಬುಟ್ಟಿ ಎಲ್ಲವೂ ತಣ್ಣಗಿರುವುದರಿಂದ ಮೊದಲು ಬೀಳುವ ನೀರಿನ ಶಾಖ ದಾರಿಯಲ್ಲೇ ಇಳಿದಿರುತ್ತದೆ. ಸರಿಯಾದ ಶಾಖ ಬರುವ ಹೊತ್ತಿಗೆ ತೊಟ್ಟಿಯ ನೀರಿನಲ್ಲಿ ಒಂದಷ್ಟು ಪಾಲು ಮುಗಿದಿರುತ್ತದೆ. ಎತ್ತರದ ಊರುಗಳಲ್ಲಿರುವವರು ಇನ್ನೊಂದು ಮಾತನ್ನು ಗಮನಿಸಬಹುದು: ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ನೀರಿನ ಕುದಿಯುವ ಬಿಂದು ಸುಮಾರು 1 ಡಿಗ್ರಿ ಇಳಿಯುವುದರಿಂದ, 3000 ಮೀಟರ್ ಎತ್ತರದಲ್ಲಿ ನೀರು 90 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಅಲ್ಲಿ ಯಾವ ಯಂತ್ರವನ್ನು ತಂದರೂ 92 ಡಿಗ್ರಿ ಸಿಗುವುದಿಲ್ಲ. ಪುಡಿಯನ್ನು ಕೊಂಚ ನುಣ್ಣಗೆ ಮಾಡಿಕೊಳ್ಳುವುದೇ ಉಪಾಯ.

## ವ್ಯಾಟ್ ಮತ್ತು ಲೀಟರುಗಳ ಲೆಕ್ಕ

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು ಸುಮಾರು 4.2 ಕಿಲೋಜೂಲ್ ಶಕ್ತಿ ಬೇಕು. 25 ಡಿಗ್ರಿಯಲ್ಲಿರುವ ನೀರನ್ನು 95ಕ್ಕೆ ತರಬೇಕೆಂದರೆ 70 ಡಿಗ್ರಿ ಏರಿಸಬೇಕು, ಅಂದರೆ ಲೀಟರಿಗೆ ಸುಮಾರು 294 ಕಿಲೋಜೂಲ್. ಒಂದು ವ್ಯಾಟ್ ಎಂದರೆ ಸೆಕೆಂಡಿಗೆ ಒಂದು ಜೂಲ್. ಆದ್ದರಿಂದ 1000 ವ್ಯಾಟಿನ ಹೀಟರ್ ಈ ಕೆಲಸಕ್ಕೆ 294 ಸೆಕೆಂಡು, ಅಂದರೆ ಸುಮಾರು 5 ನಿಮಿಷ ತೆಗೆದುಕೊಳ್ಳುತ್ತದೆ. ಶಾಖದ ಸೋರಿಕೆಯನ್ನು ಸೇರಿಸಿದರೆ ಇನ್ನೂ ಸ್ವಲ್ಪ ಹೆಚ್ಚು. ನೆನಪಿಡಬೇಕಾದದ್ದು ಇಷ್ಟೇ: 1000 ವ್ಯಾಟಿಗೆ ಲೀಟರೊಂದಕ್ಕೆ 5 ನಿಮಿಷ.

ಈ ಲೆಕ್ಕವನ್ನು ಪೆಟ್ಟಿಗೆಯ ಅಂಕಿಗಳಿಗೆ ಹಚ್ಚಿ ನೋಡೋಣ. 1.25 ಲೀಟರ್ ತೊಟ್ಟಿಗೆ 1400 ವ್ಯಾಟಿನ ಹೀಟರ್ ಇದ್ದರೆ ತುಂಬಿದ ತೊಟ್ಟಿ ನಾಲ್ಕೂವರೆ ನಿಮಿಷದ ಸುಮಾರಿಗೆ ಖಾಲಿಯಾಗುತ್ತದೆ. ನೀರು ಪುಡಿಯ ನಡುವೆ ಇಳಿಯುವ ಹೊತ್ತನ್ನೂ ಸೇರಿಸಿದರೆ ಇದು ಸಂಘ ಹೇಳಿದ ಅಳತೆಯೊಳಗೇ ಬರುತ್ತದೆ. ಅದೇ 1.8 ಲೀಟರ್ ತೊಟ್ಟಿಗೆ 900 ವ್ಯಾಟ್ ಮಾತ್ರ ಇದ್ದರೆ ಹತ್ತು ನಿಮಿಷ ಬೇಕು. 600 ವ್ಯಾಟ್ ಆದರೆ ಹದಿನಾಲ್ಕು ದಾಟುತ್ತದೆ, ಮೊದಲು ನೆಂದ ಪುಡಿ ಅಷ್ಟು ಹೊತ್ತೂ ಕಹಿಯನ್ನು ಬಿಡುತ್ತಲೇ ಇರುತ್ತದೆ. ಹಾಗೆಂದು 600 ವ್ಯಾಟ್ ಎಂಬುದೇ ಕಳಪೆಯ ಗುರುತಲ್ಲ. ತೊಟ್ಟಿ 0.6 ಲೀಟರಿನದಾದರೆ ಅದೇ ಹೀಟರ್ 5 ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ನೋಡಬೇಕಾದದ್ದು ಎರಡು ಅಂಕಿಗಳ ಹೊಂದಾಣಿಕೆಯನ್ನು.

ಇದೇ ಲೆಕ್ಕದಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಗುತ್ತದೆ. ನೀರು ಏರುವ ವೇಗವನ್ನು ಹೀಟರೇ ನಿಗದಿ ಮಾಡುವುದರಿಂದ, ದೊಡ್ಡ ಯಂತ್ರದಲ್ಲಿ ಅರ್ಧದಷ್ಟೇ ಕಾಫಿ ಮಾಡಿದರೆ ಸಮಯವೂ ಅರ್ಧಕ್ಕೆ ಇಳಿಯುತ್ತದೆ. ಹಾಗೆ ಮಾಡಿದ ಕಾಫಿ ಸಪ್ಪೆಯಾದರೆ ದೋಷ ಪುಡಿಯದ್ದಲ್ಲ. ಕೆಲವು ಯಂತ್ರಗಳಲ್ಲಿ ಕಡಿಮೆ ಪ್ರಮಾಣಕ್ಕೆಂದೇ ಒಂದು ಗುಂಡಿ ಇರುತ್ತದೆ. ಅದನ್ನು ಒತ್ತಿದಾಗ ಯಂತ್ರ ನೀರನ್ನು ಬಿಟ್ಟುಬಿಟ್ಟು ಹರಿಸಿ ಸಮಯವನ್ನು ಹಿಗ್ಗಿಸುತ್ತದೆ. ಒಮ್ಮೊಮ್ಮೆ ಇಬ್ಬರಿಗೆ, ಒಮ್ಮೊಮ್ಮೆ ಎಂಟು ಜನರಿಗೆ ಕಾಫಿ ಮಾಡುವ ಮನೆಗೆ ಈ ಗುಂಡಿ ನಿಜಕ್ಕೂ ಉಪಯುಕ್ತ. ದಿನವೂ ಇಬ್ಬರೇ ಕುಡಿಯುವ ಮನೆಯಲ್ಲಿ ದೊಡ್ಡ ಯಂತ್ರವನ್ನು ಅರ್ಧ ತುಂಬಿ ನಡೆಸುವುದಕ್ಕಿಂತ ಚಿಕ್ಕ ಯಂತ್ರವನ್ನು ಪೂರ್ತಿ ತುಂಬಿ ನಡೆಸುವುದೇ ಮೇಲು.

## ‘12 ಕಪ್’ ಎಂದರೆ ಎಷ್ಟು

ಲೀಟರನ್ನೇ ನೋಡಿ ಎನ್ನುವುದಕ್ಕೆ ಕಾರಣವಿದೆ. ಕಾಫಿ ಯಂತ್ರದ ಮೇಲೆ ಬರೆದಿರುವ ಕಪ್ ಬಹಳ ಚಿಕ್ಕದು. ತಯಾರಕರಿಗೆ ತಕ್ಕಂತೆ ಅದು 125ರಿಂದ 150 ಮಿಲಿಲೀಟರ್ ಇರುತ್ತದೆ. 12 ಕಪ್ಪಿನ ಯಂತ್ರವೆಂದರೆ ದೊಡ್ಡ ಅಳತೆಯಲ್ಲೂ 1.8 ಲೀಟರ್, 250 ಮಿಲಿಲೀಟರ್ ಹಿಡಿಯುವ ಮಗ್ಗಿನಲ್ಲಿ ಕುಡಿಯುವವರಿಗೆ ಅದು ಏಳು ಮಗ್ಗು. ಪುಡಿ ಹೀರಿಕೊಳ್ಳುವ ನೀರನ್ನೂ ಕಳೆಯಬೇಕು: ಪ್ರತಿ ಗ್ರಾಂ ಪುಡಿ ಸುಮಾರು 2 ಗ್ರಾಂ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಲೀಟರ್ ನೀರು ಹಾಕಿದರೆ ಜಗ್ಗಿಗೆ ಇಳಿಯುವುದು 900 ಮಿಲಿಲೀಟರಿಗಿಂತ ತುಸು ಕಡಿಮೆ. ಮನೆಯ ಮಗ್ಗಿಗೆ ಒಮ್ಮೆ ನೀರು ತುಂಬಿ ಅಳೆದು, ಬೆಳಗ್ಗೆ ಬೇಕಾಗುವ ಮಗ್ಗುಗಳಿಂದ ಗುಣಿಸಿ ಕೊಂಡರೆ ಗಾತ್ರದ ವಿಷಯ ಅಲ್ಲಿಗೆ ಮುಗಿಯಿತು.

## ನೀರು ಚೆಲ್ಲುವ ಬಗೆ

ಒಣಗಿ ಗಟ್ಟಿಯಾದ ಕುಂಡದ ಮಣ್ಣಿಗೆ ಒಂದೇ ಕಡೆ ನೀರು ಸುರಿದರೆ, ಅದು ಅಲ್ಲೇ ಒಂದು ದಾರಿ ಕೊರೆದುಕೊಂಡು ತಳದಿಂದ ಹರಿದುಹೋಗುತ್ತದೆ, ಸುತ್ತಲಿನ ಮಣ್ಣು ಒಣಗಿಯೇ ಉಳಿಯುತ್ತದೆ. ಕಾಫಿ ಪುಡಿಯಲ್ಲೂ ಆಗುವುದು ಇದೇ. ಒಂದೇ ತೂತಿನಿಂದ ನೀರು ಸುರಿಸುವ ಯಂತ್ರದಲ್ಲಿ ನಡುವಿನ ಪುಡಿ ಅತಿಯಾಗಿ ತೊಳೆದುಹೋಗಿ ಕಹಿ ಬಿಡುತ್ತದೆ, ಅಂಚಿನ ಪುಡಿ ಅರೆಬರೆ ನೆಂದು ಹುಳಿ ಬಿಡುತ್ತದೆ. ಎರಡೂ ದೋಷಗಳು ಒಂದೇ ಜಗ್ಗಿನಲ್ಲಿ ಸೇರುತ್ತವೆ. ಬುಟ್ಟಿಯ ಮುಚ್ಚಳವನ್ನು ಎತ್ತಿ ಒಳಭಾಗವನ್ನು ನೋಡಿದರೆ ನೀರಿನ ತೂತುಗಳು ಎಷ್ಟಿವೆ, ಬುಟ್ಟಿಯ ಅಗಲಕ್ಕೆ ಹರಡಿಕೊಂಡಿವೆಯೇ ಎಂಬುದು ಕಣ್ಣಿಗೇ ಕಾಣುತ್ತದೆ. ಬಳಸುತ್ತಿರುವ ಯಂತ್ರವಾದರೆ ಕಾಫಿ ಇಳಿದ ಮೇಲೆ ಚರಟವನ್ನು ನೋಡಿದರೆ ಸಾಕು: ಮೇಲ್ಮೈ ಸಮತಟ್ಟಾಗಿದ್ದರೆ ನೀರು ಹರಡಿ ಬಿದ್ದಿದೆ ಎಂದರ್ಥ, ನಡುವೆ ಗುಳಿ ಬಿದ್ದು ಅಂಚಿನಲ್ಲಿ ತಿಳಿಬಣ್ಣದ ಒಣ ಪುಡಿ ಉಳಿದಿದ್ದರೆ ಹರಡಿಲ್ಲ.

ಕೆಲವು ಯಂತ್ರಗಳು ಮೊದಲು ಸ್ವಲ್ಪ ನೀರು ಬಿಟ್ಟು, ಅರ್ಧ ನಿಮಿಷದಷ್ಟು ತಡೆದು, ಅನಂತರ ಉಳಿದದ್ದನ್ನು ಹರಿಸುತ್ತವೆ. ಹೊಸದಾಗಿ ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿಕೊಂಡಿರುತ್ತದೆ; ನೀರು ತಾಗಿದೊಡನೆ ಅದು ನೊರೆಯಾಗಿ ಉಕ್ಕಿ ನೀರನ್ನು ಪುಡಿಯಿಂದ ದೂರ ತಳ್ಳುತ್ತದೆ. ಆ ಅನಿಲ ಹೊರಹೋಗಲು ಈ ಬಿಡುವು ಬೇಕು. ತಿಂಗಳುಗಟ್ಟಲೆ ಹಿಂದೆ ಪುಡಿ ಮಾಡಿ ಪೊಟ್ಟಣ ಕಟ್ಟಿದ ಕಾಫಿಯಲ್ಲಿ ಅನಿಲವೇ ಹೆಚ್ಚು ಉಳಿದಿರುವುದಿಲ್ಲ, ಅದನ್ನು ಬಳಸುವವರು ಈ ಸೌಲಭ್ಯಕ್ಕೆ ಹೆಚ್ಚಿನ ಹಣ ತೆರಬೇಕಾಗಿಲ್ಲ.

ಬುಟ್ಟಿಯ ತಳ ಚಪ್ಪಟೆಯಾಗಿರಬಹುದು ಅಥವಾ ಶಂಕುವಿನಂತೆ ಚೂಪಾಗಿರಬಹುದು. ಚಪ್ಪಟೆ ಬುಟ್ಟಿಯಲ್ಲಿ ಹೆಚ್ಚು ಪುಡಿ ಸಮನಾಗಿ ಹರಡುತ್ತದೆ, ಕಡಿಮೆ ಪುಡಿ ಹಾಕಿದರೆ ಪದರ ತೀರ ತೆಳುವಾಗಿ ನೀರು ಬೇಗ ಜಾರಿಹೋಗುತ್ತದೆ. ಚೂಪು ಬುಟ್ಟಿಯಲ್ಲಿ ಕಡಿಮೆ ಪುಡಿಯೂ ತಕ್ಕಷ್ಟು ದಪ್ಪವಾಗಿ ನಿಲ್ಲುತ್ತದೆ. ಎರಡಕ್ಕೂ ಶೋಧಕ ಕಾಗದದ ಆಕಾರ ಬೇರೆಬೇರೆ. ತನ್ನದೇ ವಿಚಿತ್ರ ಅಳತೆಯ ಕಾಗದ ಬೇಡುವ ಯಂತ್ರ ಎಷ್ಟೇ ಚೆನ್ನಾಗಿದ್ದರೂ ಒಂದೆರಡು ವರ್ಷಗಳಲ್ಲಿ ಕಾಗದ ಹುಡುಕುವ ತಲೆನೋವು ತರಬಹುದು.

## ಕಾಗದವೋ, ಲೋಹದ ಜಾಲರಿಯೋ

ಹಲವು ಯಂತ್ರಗಳ ಜತೆ ತೊಳೆದು ಬಳಸುವ ಜಾಲರಿಯೊಂದು ಬರುತ್ತದೆ. ಅದರಿಂದ ಕಾಗದದ ಖರ್ಚೂ ಕಸವೂ ಉಳಿಯುತ್ತದೆ. ಕಾಫಿಯ ಎಣ್ಣೆಯಂಶವೂ ನುಣುಪು ಪುಡಿಯೂ ಜಗ್ಗಿಗೆ ಇಳಿಯುವುದರಿಂದ ಕಾಫಿ ಮಂದವಾಗಿರುತ್ತದೆ, ಮಗ್ಗಿನ ತಳದಲ್ಲಿ ಒಂದಿಷ್ಟು ಗಸಿಯೂ ನಿಲ್ಲುತ್ತದೆ. ಕಾಗದದಲ್ಲಿ ಸೋಸಿದ ಕಾಫಿ ತಿಳಿಯಾಗಿರುತ್ತದೆ. ಇದು ರುಚಿಯ ಮಾತಾಯಿತು. ಆರೋಗ್ಯದ ಮಾತೂ ಒಂದಿದೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಮತ್ತು ಕಾಹ್ವಿಯಾಲ್ ಎಂಬ ಅಂಶಗಳು ರಕ್ತದಲ್ಲಿ ಎಲ್‌ಡಿಎಲ್ ಎಂಬ ಕೆಟ್ಟ ಕೊಲೆಸ್ಟರಾಲನ್ನು ಏರಿಸುತ್ತವೆ, ಕಾಗದ ಅವುಗಳ ಬಹುಪಾಲನ್ನು ತಡೆಹಿಡಿಯುತ್ತದೆ, ಜಾಲರಿ ತಡೆಯುವುದಿಲ್ಲ. ಕೊಲೆಸ್ಟರಾಲಿನ ಮೇಲೆ ಕಣ್ಣಿಡಬೇಕೆಂದು ವೈದ್ಯರು ಹೇಳಿರುವವರು ಜಾಲರಿ ಇರುವ ಯಂತ್ರವನ್ನು ಕೊಂಡರೂ ಅದರೊಳಗೆ ಕಾಗದ ಹಾಕಿ ಬಳಸುವುದು ಒಳಿತು.

## ಗಾಜಿನ ಜಗ್ಗು, ಫ್ಲಾಸ್ಕ್ ಜಗ್ಗು

ಕಾಫಿ ಆದ ಮೇಲೆ ಅದು ಎಷ್ಟು ಹೊತ್ತು ಜಗ್ಗಿನಲ್ಲಿರುತ್ತದೆ ಎಂಬ ಒಂದೇ ಪ್ರಶ್ನೆಯಿಂದ ಈ ಆಯ್ಕೆಯನ್ನು ಮಾಡಬಹುದು. ಗಾಜಿನ ಜಗ್ಗು ಬಿಸಿತಟ್ಟೆಯ ಮೇಲೆ ಕೂರುತ್ತದೆ. ತಟ್ಟೆ ಕಾಫಿಯನ್ನು ಬಿಸಿಯಾಗಿಡುತ್ತದೆ ಎನ್ನುವುದಕ್ಕಿಂತ ಕಾಯಿಸುತ್ತಲೇ ಇರುತ್ತದೆ ಎನ್ನುವುದು ಸರಿ. ನೀರು ಆವಿಯಾಗುತ್ತ ಕಾಫಿ ಗಟ್ಟಿಯಾಗುತ್ತದೆ, ಪರಿಮಳ ಹಾರಿಹೋಗುತ್ತದೆ, ಕಾಫಿಯಲ್ಲಿರುವ ಕ್ಲೋರೋಜೆನಿಕ್ ಆಮ್ಲಗಳು ಒಡೆದು ಕ್ವಿನಿಕ್ ಆಮ್ಲವಾಗಿ ಒಂದು ಬಗೆಯ ಕಟು ಹುಳಿಯನ್ನು ತರುತ್ತವೆ. ಅರ್ಧ ಗಂಟೆಯೊಳಗೆ ಕುಡಿದು ಮುಗಿಸುವವರಿಗೆ ಇದು ಅಷ್ಟಾಗಿ ತಟ್ಟದು.

ಎರಡು ಪದರದ ಉಕ್ಕಿನ ಫ್ಲಾಸ್ಕ್ ಜಗ್ಗು ಇರುವ ಯಂತ್ರಕ್ಕೆ ಬಿಸಿತಟ್ಟೆಯೇ ಬೇಕಿಲ್ಲ. ಒಂದೆರಡು ಗಂಟೆ ತಡವಾಗಿ ಏಳುವವರಿಗೂ ಅದರಲ್ಲಿ ಕುಡಿಯಲು ಯೋಗ್ಯವಾದ ಕಾಫಿ ಉಳಿದಿರುತ್ತದೆ. ಆದರೆ ಅದಕ್ಕೂ ಅದರದೇ ಉಪದ್ರವಗಳಿವೆ. ಒಳಗೆ ಎಷ್ಟು ಕಾಫಿ ಇದೆಯೆಂದು ಹೊರಗಿನಿಂದ ಕಾಣುವುದಿಲ್ಲ. ತಣ್ಣಗಿನ ಉಕ್ಕು ಮೊದಲ ಕಾಫಿಯ ಶಾಖವನ್ನು ಹೀರಿಕೊಳ್ಳುವುದರಿಂದ ಮುಂಚೆ ಬಿಸಿನೀರು ಹಾಕಿ ಕುಲುಕಿ ಚೆಲ್ಲಬೇಕು. ಬಾಯಿ ಕಿರಿದಾದ ಜಗ್ಗಿನೊಳಗೆ ಕೈ ಹೋಗದೆ ಕಾಫಿಯ ಎಣ್ಣೆ ಗೋಡೆಗೆ ಹಿಡಿದುಕೊಂಡು ಕಮಟು ವಾಸನೆ ಬರತೊಡಗುತ್ತದೆ. ಅಂಗಡಿಯಲ್ಲಿ ನೋಡಲು ಸಿಕ್ಕರೆ ಜಗ್ಗಿನೊಳಗೆ ಕೈ ಹಾಕಿ ನೋಡಬೇಕು, ಮತ್ತು ಅದರಿಂದ ನೀರು ಸುರಿದು ನೋಡಬೇಕು. ಮೂತಿಯಿಂದ ಹನಿಸೋರುವ ಜಗ್ಗಿನ ಕಿರಿಕಿರಿ ಪ್ರತಿದಿನವೂ ಇರುತ್ತದೆ.

ಬಿಸಿತಟ್ಟೆಯ ಯಂತ್ರವಾದರೆ ತಾನಾಗಿ ಆರುವ ವ್ಯವಸ್ಥೆ ಇರಲೇಬೇಕು. ಐರೋಪ್ಯ ಒಕ್ಕೂಟದಲ್ಲಿ 2015ರಿಂದ ಇದು ನಿಯಮವೇ ಆಗಿದೆ: ಸಾಧಾರಣ ಜಗ್ಗಿನ ಯಂತ್ರ ಕಾಫಿ ಮುಗಿದ 40 ನಿಮಿಷದೊಳಗೆ, ಫ್ಲಾಸ್ಕ್ ಜಗ್ಗಿನದು 5 ನಿಮಿಷದೊಳಗೆ ತಾನಾಗಿ ಆರಬೇಕು.

## ಉಳಿದ ಗುಂಡಿಗಳು

ಟೈಮರ್ ಅನುಕೂಲದ ವಸ್ತು, ರುಚಿಯದಲ್ಲ; ರಾತ್ರಿಯೇ ಹಾಕಿಟ್ಟ ಪುಡಿ ಬೆಳಗಿನವರೆಗೆ ಗಾಳಿಗೆ ತೆರೆದಿರುತ್ತದೆ. ಒಳಗೇ ಬೀಜ ಪುಡಿಮಾಡುವ ಯಂತ್ರ ಜಾಗ ಉಳಿಸುತ್ತದೆ, ಆದರೆ ಕಾಫಿಯ ಆವಿ ತಾಗಿ ಪುಡಿ ಅಂಟಿಕೊಳ್ಳುವುದರಿಂದ ಆಗಾಗ ಬಿಡಿಸಿ ತೊಳೆಯಬೇಕಾಗುತ್ತದೆ, ಎರಡರಲ್ಲಿ ಒಂದು ಕೆಟ್ಟರೂ ಇಡೀ ಯಂತ್ರ ದುರಸ್ತಿಗೆ ಹೋಗುತ್ತದೆ. ಕಾಫಿ ಇಳಿಯುತ್ತಿರುವಾಗಲೇ ಜಗ್ಗು ತೆಗೆದು ಸುರಿದುಕೊಳ್ಳಲು ಬಿಡುವ ತಡೆ ಹೆಚ್ಚಿನ ಯಂತ್ರಗಳಲ್ಲಿ ಇದೆ. ಮೊದಲು ಇಳಿಯುವ ಕಾಫಿ ಗಾಢ, ಕೊನೆಯದು ತೆಳು ಆದ್ದರಿಂದ, ಹಾಗೆ ಆತುರದಿಂದ ಸುರಿದುಕೊಂಡವರ ಮಗ್ಗು ಕಡುವಾಗಿ ಉಳಿದವರದ್ದು ನೀರಾಗುತ್ತದೆ. ತೊಟ್ಟಿ ಕಳಚಿ ತೆಗೆಯಲು ಬಂದರೆ ನೀರು ತುಂಬುವುದೂ ತೊಳೆಯುವುದೂ ಸುಲಭ. ತೊಟ್ಟಿಯ ಮುಚ್ಚಳ ಮೇಲಕ್ಕೆ ತೆರೆಯುವಂಥದಾದರೆ, ಅಡುಗೆಮನೆಯ ಕಟ್ಟೆಗೂ ಮೇಲಿನ ಕಪಾಟಿಗೂ ನಡುವಿನ ಎತ್ತರವನ್ನು ಮುಚ್ಚಳ ತೆರೆದ ಸ್ಥಿತಿಗೆ ಅಳೆದುಕೊಳ್ಳಬೇಕು.

## ಗಡಸು ನೀರು ಮತ್ತು ಬಿಳಿ ಪದರ

ಕ್ಯಾಲ್ಸಿಯಂ, ಮೆಗ್ನೀಷಿಯಂ ಹೆಚ್ಚಿರುವ ಗಡಸು ನೀರು ಕಾದಾಗ ಸುಣ್ಣದಂಥ ಬಿಳಿ ಪದರ ಕೊಳವೆಯ ಒಳಗೋಡೆಗೆ ಕಟ್ಟುತ್ತದೆ. ಶಾಖ ನೀರಿಗೆ ತಲುಪದಂತೆ ತಡೆಯುವುದೂ ಇದೇ, ಕೊಳವೆಯನ್ನು ಕಿರಿದಾಗಿಸುವುದೂ ಇದೇ. ಕಾಫಿ ಆಗಲು ದಿನೇದಿನೇ ಹೆಚ್ಚು ಸಮಯ ಹಿಡಿಯುವುದು, ಸದ್ದು ಜೋರಾಗುವುದು, ನೀರಿಗಿಂತ ಆವಿಯೇ ಹೆಚ್ಚು ಹೊರಬರುವುದು ಇದರ ಲಕ್ಷಣಗಳು. ಸಿಟ್ರಿಕ್ ಆಮ್ಲವನ್ನಾಗಲಿ ವಿನೆಗರನ್ನಾಗಲಿ ಬೆರೆಸಿದ ನೀರನ್ನು ಒಮ್ಮೆ ಹಾಯಿಸಿ, ಅರ್ಧದಲ್ಲಿ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು, ಮುಗಿದ ಮೇಲೆ ಎರಡು ಮೂರು ಬಾರಿ ಬರಿ ನೀರು ಹಾಯಿಸಿದರೆ ಪದರ ಕರಗಿಹೋಗುತ್ತದೆ. ಯಾವ ಆಮ್ಲವನ್ನು ಬಳಸಬಹುದೆಂದು ಕೈಪಿಡಿಯಲ್ಲಿ ಹೇಳಿದ್ದರೆ ಅದನ್ನೇ ಅನುಸರಿಸಬೇಕು.

## ತಂದ ಮೇಲೆ ಮಾಡಬಹುದಾದ ಪರೀಕ್ಷೆ

ಹಿಂದಿರುಗಿಸುವ ಅವಧಿ ಮುಗಿಯುವ ಮುನ್ನ ಒಂದು ಪರೀಕ್ಷೆ ಮಾಡಿಬಿಡುವುದು ಜಾಣತನ. ಮೊದಲು ಪುಡಿ ಹಾಕದೆ ಬರಿ ನೀರನ್ನು ಒಂದೆರಡು ಸಲ ಹಾಯಿಸಿ ಹೊಸ ಪ್ಲಾಸ್ಟಿಕ್ಕಿನ ವಾಸನೆಯನ್ನು ಕಳೆಯಬೇಕು. ಅನಂತರ ಯಂತ್ರ ಪೂರ್ತಿ ತಣಿದ ಮೇಲೆ ತೊಟ್ಟಿ ತುಂಬಿ, ಅಳತೆಯ ಪುಡಿ ಹಾಕಿ, ಗುಂಡಿ ಒತ್ತಿದ ಗಳಿಗೆಯಿಂದ ಹನಿ ನಿಲ್ಲುವವರೆಗಿನ ಸಮಯವನ್ನು ನೋಡಿಕೊಳ್ಳಬೇಕು. ಅಡುಗೆಯ ಥರ್ಮಾಮೀಟರ್ ಇದ್ದರೆ ಅದರ ಕಡ್ಡಿಯನ್ನು ಬುಟ್ಟಿಯಲ್ಲಿ ನೆಂದ ಪುಡಿಯೊಳಗೆ ತೂರಿಸಿ, ಎರಡನೆಯ ನಿಮಿಷದಲ್ಲಿ ಒಮ್ಮೆ, ಮುಗಿಯುವ ಹೊತ್ತಿಗೆ ಇನ್ನೊಮ್ಮೆ ಓದಬಹುದು. ಬಿಸಿ ಆವಿ ಕೈಗೆ ತಾಗದಂತೆ ಎಚ್ಚರ ಬೇಕು. ಎರಡನೆಯ ನಿಮಿಷ ದಾಟಿದ ಮೇಲೂ ಶಾಖ 90ರ ಹತ್ತಿರಕ್ಕೆ ಬಾರದಿದ್ದರೆ, ಅಥವಾ ಸಮಯ ಹತ್ತು ನಿಮಿಷ ಮೀರಿದರೆ, ಯಂತ್ರವನ್ನು ಹಿಂದಿರುಗಿಸುವುದೇ ಸರಿ. ಶಾಖ ಸರಿಯಿದ್ದು ಸಮಯ ಮಾತ್ರ ಒಂದೆರಡು ನಿಮಿಷ ಹೆಚ್ಚುಕಡಿಮೆಯಾದರೆ ಅದನ್ನು ಪುಡಿಯಿಂದಲೇ ಸರಿಪಡಿಸಿಕೊಳ್ಳಬಹುದು: ಕಾಫಿ ಕಹಿಯೆನಿಸಿದರೆ ತುಸು ತರಿಯಾಗಿ, ಹುಳಿಯೆನಿಸಿದರೆ ತುಸು ನುಣ್ಣಗೆ ಬೀಸಿಕೊಂಡು ಮತ್ತೆ ನೋಡಬೇಕು.